ಸೂಜಿ ಚುಚ್ಚಿಟ್ಟು ಏಳುವ ವಿದ್ಯೆ

ಧಾರವಾಡದ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದು ಕೋರಿದ್ದಾರೆ): “ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಅತ್ತೆ, ಮಾವ. ಗೆಳತಿಯರ ಜೊತೆ ಸೇರಿ ‘ದಿನಕ್ಕೊಂದು ಚಿತ್ರ, ನೂರು ದಿನ’ ಎಂದು ಪಣ ತೊಟ್ಟೆ. 23ನೇ ದಿನಕ್ಕೆ ನಿಂತುಹೋಯಿತು. ಬ್ಯಾಂಕಿನಲ್ಲಿ ಆಡಿಟ್, ಮನೆಯಲ್ಲಿ ಮಗನಿಗೆ ಜ್ವರ. ಈಗ ಆ ಡ್ರಾಯಿಂಗ್ ಪುಸ್ತಕ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತೇನೆ. 24ರಿಂದ ಮುಂದುವರಿಸಲೇ, 1ರಿಂದ ಶುರು ಮಾಡಲೇ, ಅಥವಾ ಸೃಜನಶೀಲತೆ ನನ್ನಂಥವರಿಗೆ ಹೇಳಿದ್ದಲ್ಲವೇ? ಮಾಡಿದ್ದರಲ್ಲಿ ಒಗ್ಗರಣೆ ಸೌಟಿನ ಚಿತ್ರ ಒಂದೇ ನನಗೆ ಇಷ್ಟವಾದದ್ದು. ನಮ್ಮವ್ವ ಕೌದಿ ಹೊಲಿಯುತ್ತಿದ್ದಳು, ಆದರೆ ಅದು ಕಲೆ ಅಲ್ಲ, ಮನೆಗೆಲಸ. ನಮ್ಮ ಮನೆಯವರು ಯಾವುದಕ್ಕೂ ಬೇಡ ಅನ್ನುವುದಿಲ್ಲ.”

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಪ್ರಶ್ನೆಗಾಗಿ, ಎರಡನೇ ಸಲ ನಿಮ್ಮ ಅವ್ವನಿಗಾಗಿ. ಅವರನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೇನೋ ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇದೆ ಅನ್ನಿಸಿತು.

ಕೌದಿ ಹೊಲಿಯುವುದನ್ನು ಹತ್ತಿರದಿಂದ ನೋಡಿದವರು ನೀವು, ನಾನಲ್ಲ. ಆದರೂ ಒಂದು ಮಾತು ನೆನಪಿಸುತ್ತೇನೆ. ನಿಮ್ಮ ಊರಿಂದ ಸ್ವಲ್ಪ ದೂರ ಹೋದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡ. ಅಲ್ಲಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿ ಈಗ ಹೊರದೇಶಗಳ ಪ್ರದರ್ಶನಗಳನ್ನೂ ಕಂಡಿದೆ. ಅವರು ನಕ್ಷೆ ಬರೆದುಕೊಂಡು ಕೂರುವುದಿಲ್ಲ. ಒಂದು ಹಳೇ ಸೀರೆ ಹಾಸಿ, ಹರಿದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತಾ, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಯಾವ ತುಂಡು ಕೈಗೆ ಸಿಕ್ಕಿತೋ ಅದರ ಪಕ್ಕಕ್ಕೆ ಯಾವುದು ಒಪ್ಪೀತು ಎಂದು ಅಲ್ಲಲ್ಲೇ ತೀರ್ಮಾನ. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ‘ಫುಲಾ’ ಎಂಬ ಹೂವು ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಚಳಿಗೆ ಹೊದೆಯಲು ಫುಲಾ ಏನೂ ಬೇಕಿಲ್ಲ, ಗಮನಿಸಿ. ಬೇಕಿಲ್ಲದ್ದನ್ನು ಬೇಕೇ ಬೇಕು ಎನ್ನುವ ಆ ಹಟಕ್ಕೆ ಕಲೆ ಎನ್ನದೆ ಇನ್ನೇನೆನ್ನಲಿ?

ಆದರೆ ನನ್ನನ್ನು ಹಿಡಿದದ್ದು ಫುಲಾ ಅಲ್ಲ, ಬಿಡುವ ರೀತಿ. ಹಾಲು ಉಕ್ಕಿತು, ಮಗು ಅತ್ತಿತು, ಬಾಗಿಲಿಗೆ ಯಾರೋ ಬಂದರು ಎಂದರೆ ಸೂಜಿಯನ್ನು ಬಟ್ಟೆಗೇ ಚುಚ್ಚಿ ಎದ್ದು ಹೋಗಬಹುದು. ನಾಳೆ ಬರಲಿ, ಹದಿನೈದು ದಿನ ಬಿಟ್ಟು ಬರಲಿ, ಹೊಲಿಗೆ ಬಿಟ್ಟಲ್ಲೇ ಕಾದಿರುತ್ತದೆ. ನಡುವಿನ ದಿನಗಳಿಗೆ ಲೆಕ್ಕ ಕೇಳುವುದಿಲ್ಲ. ನಿಮ್ಮ ನೂರು ದಿನದ ಪಣದಲ್ಲಿ ಇಲ್ಲದ್ದು ಇದೇ, ಸೂಜಿ ಚುಚ್ಚಿಡುವ ಜಾಗ. ಒಂದು ದಿನ ತಪ್ಪಿದರೆ ಚಿತ್ರ ಬಾಕಿ ಬೀಳುತ್ತದೆ, ಮರುದಿನ ಎರಡಾಗುತ್ತದೆ. ಬಾಕಿ ಬಿದ್ದ ಕಂತಿನವರು ಬ್ಯಾಂಕಿನ ಬೀದಿಯನ್ನೇ ತಪ್ಪಿಸಿ ಓಡಾಡುವುದು ನಿಮಗೆ ನಾನು ಹೇಳಬೇಕೆ? ನೀವು ಪುಸ್ತಕ ಕಂಡು ಮುಖ ತಿರುಗಿಸುವುದೂ ಅದೇ. ನಿನ್ನೆ ರಂಗೋಲಿ ತಪ್ಪಿತೆಂದು ಇವತ್ತು ಎರಡು ಹಾಕುವವರನ್ನು ನಾನಂತೂ ಕಂಡಿಲ್ಲ.

ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಗಂಡ ಮಾರಯ್ಯನ ಕಾಯಕ ಬಿದ್ದ ಅಕ್ಕಿ ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟು ಅಕ್ಕಿಯ ಆಸೆ ನಿಮಗೇಕೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಆಕೆ ವಾಪಸು ಕಳಿಸಿದಳು. ಇದನ್ನು ನಾವು ಹಣದಾಸೆಯ ಪಾಠವಾಗಿ ಓದುತ್ತೇವೆ. ಚಿತ್ರ, ಕವಿತೆ, ಹಾಡಿನ ವಿಷಯದಲ್ಲೂ ಈಸಕ್ಕಿಯ ಆಸೆ, ಅಂದರೆ ಬೇಕಾದ್ದಕ್ಕಿಂತ ಹೆಚ್ಚಿನ ಆಸೆ, ಇದೆ ಎಂಬುದು ಮರೆತುಹೋಗುತ್ತದೆ. ಅಂದಹಾಗೆ ಆ ಲಕ್ಕಮ್ಮ ವಚನಗಳನ್ನೂ ಬರೆದಳು. ಅಕ್ಕಿ ಕೇರುವುದು, ವಚನ ಹೇಳುವುದು ಎರಡೂ ಒಂದೇ ಮನೆಯಲ್ಲಿ ನಡೆದವು.

ಇಂಥ ಮಾತಿಗೆಲ್ಲ ಮಾಸ್ತಿಯವರನ್ನು ಎಳೆದು ತರುವುದು ನಮ್ಮವರ ರೂಢಿ. ನಾನೂ ಈಗ ಅದನ್ನೇ ಮಾಡುವವನಿದ್ದೆ. 1914ರಿಂದ 1943ರವರೆಗೆ ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸ, ಜೊತೆಗೇ ಕಥೆ, ಕಾದಂಬರಿ. ಸಂಜೆಯಾದರೆ ಬಸವನಗುಡಿ ಕ್ಲಬ್ಬಿನ ಇಸ್ಪೀಟು, ಅದನ್ನು ಮುಪ್ಪಿನಲ್ಲೂ ಬಿಡಲಿಲ್ಲ. ಸಾಹಿತ್ಯಕ್ಕಾಗಿ ಇಸ್ಪೀಟು ಬಿಡದ ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ. ಆದರೆ ನಿಮಗೆ ಅವರ ಉದಾಹರಣೆ ಕೊಡಲು ಕೈ ಹಿಂಜರಿಯುತ್ತದೆ. ಕಚೇರಿಯಿಂದ ಬಂದು ಅವರು ಕುಕ್ಕರ್ ಇಡಬೇಕಿರಲಿಲ್ಲ.

ಹಾಗಾಗಿ ಕೇಳದಿದ್ದರೂ ಒಂದು ಮಾತು. ನಿಮ್ಮ ಮನೆಯವರು ಬೇಡ ಅನ್ನುವುದಿಲ್ಲ, ಸಂತೋಷ. ಬೇಡ ಅನ್ನದಿರುವುದು ಬೇರೆ, ರಾತ್ರಿಯ ಪಾತ್ರೆ ತೊಳೆದಿಡುವುದು ಬೇರೆ. ನಿಮಗೆ ಬೇಕಾದ್ದು ಎರಡನೆಯದು ಎಂದು ನನ್ನ ಗುಮಾನಿ. ಅವ್ವನ ಕಾಲವನ್ನು ಹೊಗಳುವಾಗಲೂ ಇದು ನೆನಪಿರಲಿ. ಆಕೆ ನಿಧಾನವಾಗಿ ಹೊಲಿದದ್ದು ನಿಧಾನ ಇಷ್ಟವೆಂದೇ ಇರಲಾರದು. ಪುರುಸೊತ್ತು ಅಷ್ಟೇ ಇದ್ದದ್ದು. ಆ ಅಷ್ಟಿಷ್ಟು ಪುರುಸೊತ್ತಿಗೆ ಹೊಂದುವ ಕಸುಬನ್ನು ಅವರೆಲ್ಲ ಕೂಡಿ ರೂಪಿಸಿಕೊಂಡರಲ್ಲ, ಅದು ದೊಡ್ಡದು.

(ನಿಧಾನದ ಬಗ್ಗೆ ನಾನು ಬರೆಯುತ್ತಿರುವುದನ್ನು ಕಂಡರೆ ನಮ್ಮ ಪುಟ ಕಟ್ಟುವ ಹುಡುಗರು ನಗುತ್ತಾರೆ. ಪ್ರತಿ ತಿಂಗಳು 20ನೇ ತಾರೀಖಿಗೆ ನಾನು ಹೇಗಿರುತ್ತೇನೆಂದು ಅವರಿಗೆ ಗೊತ್ತು. ನನ್ನ ಮೇಜಿನಲ್ಲೂ ಹದಿನೇಳು ದಿನಕ್ಕೆ ನಿಂತ ದಿನಚರಿಯೊಂದಿದೆ.)

ಇನ್ನು ನೀವು ಕೇಳಿದ್ದು. 24ರಿಂದಲೂ ಬೇಡ, 1ರಿಂದಲೂ ಬೇಡ. ಹಾಳೆಯ ಮೂಲೆಯ ಸಂಖ್ಯೆಗಳನ್ನು ರಬ್ಬರಿನಿಂದ ಅಳಿಸಿಬಿಡಿ. ಪುಸ್ತಕವನ್ನು ಕಪಾಟಿನಿಂದ ತೆಗೆದು ಅಡುಗೆಮನೆಯಲ್ಲಿಡಿ, ಎಣ್ಣೆ ಕಲೆ ಆದರೆ ಆಗಲಿ. ಕೂತಾಗ ಪೂರ್ತಿ ಚಿತ್ರ ಮುಗಿಸಲೇಬೇಡಿ. ಅರ್ಧ ಗೆರೆಗೆ ನಿಲ್ಲಿಸಿ, ಪೆನ್ಸಿಲನ್ನು ಅದೇ ಹಾಳೆಯಲ್ಲಿಟ್ಟು ಮುಚ್ಚಿ. ಮುಂದಿನ ಸಲ ತೆರೆದಾಗ ಖಾಲಿ ಹಾಳೆಯ ಬದಲು ಬಿಟ್ಟ ಗೆರೆ ಸಿಗುತ್ತದೆ. ಆಡಿಟ್ ವಾರದಲ್ಲಿ ಮುಟ್ಟಲೇಬೇಡಿ.

ಒಂದು ಕುತೂಹಲ. ಇಷ್ಟೆಲ್ಲ ದಿನ ಎಣಿಸಿದವರು ನೀವು, ಆ ಒಗ್ಗರಣೆ ಸೌಟಿನ ಚಿತ್ರ ಎಷ್ಟನೇ ದಿನದ್ದು ಎಂದು ಮಾತ್ರ ಬರೆದಿಲ್ಲ. ಅದನ್ನು ಕಳಿಸಿಕೊಡಿ. ಪುಟದಲ್ಲಿ ಜಾಗ ಸಿಕ್ಕ ತಿಂಗಳು ಹಾಕುತ್ತೇವೆ.