ಚರ್ಮ ಕೆರೆಯಲು ಒಂದೇ ಕತ್ತಿ ಸಾಲದು

ಪ್ರಶ್ನೆ: ನಾವು ಮನೆಯಲ್ಲೇ ಹಲಗೆ (ಬಡಿಯುವ ಚರ್ಮವಾದ್ಯ) ಕಟ್ಟುತ್ತೇವೆ. ಆಡಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಒಳಮೈಯನ್ನು ಚೂರಿಯಿಂದ ಕೆರೆಯುತ್ತೇನೆ. ಎಷ್ಟು ಹುಷಾರಾಗಿದ್ದರೂ ತೂತು ಬೀಳುತ್ತದೆ. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿ ಸಿಕ್ಕಿದೆ. ಊರಲ್ಲಿ ಕಂಬಾರರ ಕುಲುಮೆಯೂ ಇದೆ. ಇನ್ನೂ ಹರಿತವಾದ ಕತ್ತಿ ಹೇಗೆ ಮಾಡಿಸಲಿ?
– ಓದುಗರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ತೂತು ಬೀಳುವುದು ಹೆಚ್ಚಾಗಿ ಹೊಟ್ಟೆಯ ಭಾಗದಲ್ಲಿ, ಅಲ್ವಾ? ಬೆನ್ನಿನ ಚರ್ಮ ದಪ್ಪ, ಹೊಟ್ಟೆಯದು ತೆಳು. ಅಲ್ಲಿ ಚೂರಿಯ ಮೂಲೆ ನಾಟಿದರೆ ಮುಗಿಯಿತು. ನಿಮಗೆ ಜಾಸ್ತಿ ಹರಿತದ ಕತ್ತಿ ಬೇಕಿಲ್ಲ. ಎರಡು ಬೇರೆ ಬೇರೆ ಹತಾರ ಬೇಕು. ಮಾಂಸದ ಪದರ ತೆಗೆಯಲು ಒಂದು, ಚರ್ಮ ತೆಳು ಮಾಡಲು ಇನ್ನೊಂದು.

ಮೊದಲನೆಯದು ಮೊಂಡಾಗಿಯೇ ಇರಬೇಕು. ಸುಮಾರು ಒಂದೂವರೆ ಅಡಿ ಉದ್ದದ ಸಾದಾ ಕಬ್ಬಿಣದ ಪಟ್ಟಿ ಸಾಕು, ಎರಡೂ ತುದಿಗೆ ಕರಿಜಾಲಿಯ ಹಿಡಿ ಹಾಕಿ. ಚರ್ಮವನ್ನು ನುಣುಪಾದ ದುಂಡು ದಿಮ್ಮಿಯ ಮೇಲೆ ಹಾಸಿ, ಎರಡೂ ಕೈಯಿಂದ ಕೆಳಗೆ ನೂಕುತ್ತಾ ಕೆರೆಯಿರಿ. ಕತ್ತಿಗೆ ಸ್ವಲ್ಪ ಬಾಗು ಇರಲಿ, ಆದರೆ ದಿಮ್ಮಿಯ ದುಂಡಿಗಿಂತ ಕಡಿಮೆ ಇರಲಿ. ಆಗ ಕತ್ತಿಯ ನಡುಭಾಗ ಮಾತ್ರ ಚರ್ಮಕ್ಕೆ ತಾಗುತ್ತದೆ, ತುದಿಗಳು ಎದ್ದಿರುತ್ತವೆ. ಇದಕ್ಕೆ ಹದ ಹಾಕುವ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡುವ ಗೊಡವೆಯೇ ಇಲ್ಲ.

ಆ ಸ್ಪ್ರಿಂಗ್ ಪಟ್ಟಿಯನ್ನು ಎರಡನೆಯದಕ್ಕೆ ಉಳಿಸಿಕೊಳ್ಳಿ. ಒಳ್ಳೆಯ ಉಕ್ಕು ಅದು. ಅಂಗೈ ಅಗಲದ ತುಂಡು ಸಾಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ 4 ಮಿ.ಮೀ. ದಪ್ಪಕ್ಕೆ ತಟ್ಟಿಸಿ. ಕೆಂಪು ಆರಿದ ಮೇಲೆ ಸುತ್ತಿಗೆ ಬೀಳಬಾರದು, ಕಣ್ಣಿಗೆ ಕಾಣದ ಬಿರುಕು ಬರುತ್ತದೆ. ಅಂಚನ್ನು ಅರ್ಧಚಂದ್ರದ ಹಾಗೆ ಹೊರಗೆ ಉಬ್ಬಿಸಿ, ಎರಡೂ ಮೂಲೆಗಳನ್ನು ಅರದಿಂದ ಚೆನ್ನಾಗಿ ದುಂಡು ಮಾಡಿ. ಚರ್ಮ ಉಳಿಸುವುದು ಈ ದುಂಡೇ.

ಆಮೇಲೆ ಹದ. ಹಳೆ ಸ್ಪೀಕರಿನ ಅಯಸ್ಕಾಂತ ಹತ್ತಿರ ಇಟ್ಟುಕೊಳ್ಳಿ. ಕಾದ ಉಕ್ಕಿಗೆ ಅದು ಅಂಟುವುದು ನಿಂತರೆ ಶಾಖ 770 ಡಿಗ್ರಿ ಆಸುಪಾಸು ಮುಟ್ಟಿದೆ ಎಂದರ್ಥ. ಇನ್ನೂ ಒಂದು ಛಾಯೆ ಕಾಯಲಿ, ನಂತರ ಉಗುರುಬೆಚ್ಚಗಿನ ಶೇಂಗಾ ಎಣ್ಣೆಗೆ ಅದ್ದಿ. ನೀರಿಗೆ ಹಾಕಬೇಡಿ, ಸೀಳಿಬಿಡುತ್ತದೆ. ಎಣ್ಣೆ ಭಗ್ಗೆಂದು ಹೊತ್ತಿಕೊಳ್ಳಬಹುದು, ಅದಕ್ಕೇ ಬಯಲಲ್ಲಿ ಕಬ್ಬಿಣದ ಡಬ್ಬಿ ಇಡಿ, ಮುಚ್ಚಳ ಕೈಗೆ ಸಿಗುವಂತಿರಲಿ. ಈಗ ಅರ ಹಚ್ಚಿದರೆ ಜಾರಬೇಕು. ಆದರೆ ಈ ಸ್ಥಿತಿಯಲ್ಲಿ ಉಕ್ಕು ಗಾಜಿನ ಹಾಗೆ, ಬಿದ್ದರೆ ಮುರಿಯುತ್ತದೆ. ಮೈ ಉಜ್ಜಿ ಹೊಳೆಯಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಕಾಯಿಸಿ. ಬಣ್ಣ ಓಡುವುದು ಕಾಣುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಅಂಚಿಗೆ ನೀಲಿ ಬಂದ ಕೂಡಲೇ ಮತ್ತೆ ಎಣ್ಣೆಗೆ ಹಾಕಿ.

ನೀಲಿ ಯಾಕೆ ಅಂದರೆ, ಈ ಹತಾರದ ಅಂಚನ್ನು ಮಡಚಬೇಕು. ಒಂದೇ ಬದಿಗೆ ಸಾಣೆ ಹಿಡಿದು, ಗ್ಯಾರೇಜಿನಲ್ಲಿ ಸಿಗುವ ಹಳೆ ಪಿಸ್ಟನ್ ಪಿನ್ನಿನಿಂದ ಅಂಚನ್ನು ಒತ್ತಿ ಉಜ್ಜಿ. ಕೂದಲೆಳೆಯಷ್ಟು ಕೊಕ್ಕೆ ಬೀಳುತ್ತದೆ. ಜಾಸ್ತಿ ಗಡಸಾದ ಉಕ್ಕಾದರೆ ಮಡಚುವುದಿಲ್ಲ, ಚಕ್ಕೆ ಏಳುತ್ತದೆ. ಆ ಕೊಕ್ಕೆ ಚರ್ಮಕ್ಕೆ ನಾಟುವುದಿಲ್ಲ, ಮರಕ್ಕೆ ಕೀಸುಳಿ ಹಿಡಿದ ಹಾಗೆ ತೆಳು ಪದರ ಎಬ್ಬಿಸುತ್ತದೆ. ಚರ್ಮವನ್ನು ಚೌಕಟ್ಟಿಗೆ ಬಿಗಿದು, ಅರೆ ಒಣಗಿದಾಗ ಒಳಮೈಯನ್ನು ಮಾತ್ರ ಕೆರೆಯಿರಿ. ಆಗಾಗ ಬಿಸಿಲಿಗೆ ಹಿಡಿದು ನೋಡಿ. ದಪ್ಪ ಜಾಗ ಕಪ್ಪಗೆ ಕಾಣುತ್ತದೆ.

ಎರಡು ಮಾತು ತಪ್ಪದೆ ಪಾಲಿಸಿ. ಸುಣ್ಣದ ನೀರು ಕಣ್ಣಿಗೆ ಬಹಳ ಕೆಟ್ಟದ್ದು, ಕನ್ನಡಕವೂ ರಬ್ಬರ್ ಕೈಗವಸೂ ಇರಲಿ. ಕಾಯಿಲೆಯಿಂದ, ಅಥವಾ ಕಾರಣ ಗೊತ್ತಿಲ್ಲದೆ ದಿಢೀರನೆ ಸತ್ತ ಪ್ರಾಣಿಯ ಚರ್ಮ ಮುಟ್ಟಲೇಬೇಡಿ. ನೆರಡಿ ರೋಗ (ಆಂಥ್ರಾಕ್ಸ್) ಚರ್ಮದಿಂದಲೂ ಮನುಷ್ಯರಿಗೆ ಬರುತ್ತದೆ. ಹಲಗೆಗೆ ಬೇರೆ ಚರ್ಮ ಸಿಕ್ಕೇ ಸಿಗುತ್ತದೆ.

ಪ್ರಶ್ನೆ: ಚಪ್ಪಲಿಯ ಅಂಚು ತೆಳು ಮಾಡುವ ನನ್ನ ರಂಪಿಗೆ (ಚರ್ಮ ಕೊಯ್ಯುವ ಕತ್ತಿ) ದಿನಕ್ಕೆ ನಾಲ್ಕು ಸಲ ಮೊಂಡಾಗುತ್ತದೆ. ಹಳೆ ಅರದಿಂದ ಮಾಡಿದ್ದು. ಮನೆಯ ಶಹಾಬಾದ್ ಕಲ್ಲಿಗೆ ಉಜ್ಜುತ್ತೇನೆ.
– ಓದುಗರು, ಬಸವಕಲ್ಯಾಣ, ಬೀದರ್ ಜಿಲ್ಲೆ

ಉತ್ತರ: ಅರದ ಉಕ್ಕು ಬಹಳ ಚೆನ್ನ. ಆದರೆ ಮಾಡುವಾಗ ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ಅಂಚು ನೀಲಿಯಾಗಿತ್ತಾ? ಆಗಿದ್ದರೆ ಗಡಸುತನ ಅಲ್ಲೇ ಹೋಯಿತು. ಮೇಲೆ ಹೇಳಿದ ಹತಾರಕ್ಕೆ ಬೇಕಾದ ನೀಲಿ, ರಂಪಿಗೆಗೆ ಕೇಡು. ಇದಕ್ಕೆ ಒಣಹುಲ್ಲಿನ ಹಳದಿಯಲ್ಲೇ ನಿಲ್ಲಬೇಕು, ಅಂದರೆ ಸುಮಾರು 220 ಡಿಗ್ರಿ. ನೀಲಿಯಾದ ಭಾಗವನ್ನು ಪದೇಪದೇ ನೀರಿಗೆ ಅದ್ದುತ್ತಾ ಸವೆಸಿ ತೆಗೆಯಿರಿ.

ಶಹಾಬಾದ್ ಕಲ್ಲು ಸುಣ್ಣದಕಲ್ಲು, ಉಕ್ಕಿಗಿಂತ ಮೆತ್ತಗೆ. ಅದರ ಮೇಲೆ ಎಷ್ಟು ಉಜ್ಜಿದರೂ ಸುಮ್ನೆ ತೋಳು ನೋವು. ಆದರೆ ಒಳ್ಳೆಯ ಸಪಾಟು ಸಿಗುತ್ತದೆ, ಅದನ್ನು ಬಿಡಬೇಡಿ. ಅದರ ಮೇಲೆ 400 ನಂಬರಿನ ನೀರುಕಾಗದ (ನೀರು ಹಾಕಿ ಉಜ್ಜುವ ಮರಳುಕಾಗದ) ಹಾಸಿ ಮಸೆಯಿರಿ, ಆಮೇಲೆ 1000. ಕೊನೆಗೆ ಚರ್ಮದ ತುಂಡಿನ ಮೇಲೆ ಅಂಚನ್ನು ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ನೂಕಬೇಡಿ.