ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸ್ಟೇಷನ್: ಡಿಮಾಡ್ಯುಲೇಷನ್‌ಗೆ ಮೊದಲೇ ಬೇರ್ಪಡಿಸಿ

ಮಾನ್ಯರೇ, 2 ಮೀಟರ್ ಹವ್ಯಾಸಿ ರೇಡಿಯೋ ಬ್ಯಾಂಡಿನಲ್ಲಿ (145 ಮೆಗಾಹರ್ಟ್ಸ್ ಆಸುಪಾಸು) ಒಂದರ ಮೇಲೊಂದು ಬಿದ್ದ ಎರಡು ಎಫ್.ಎಂ. ಸ್ಟೇಷನ್‌ಗಳನ್ನು ಎರಡು ಆಂಟೆನಾ ಮತ್ತು ಎರಡು ಆರ್‌ಟಿಎಲ್ ಡಾಂಗಲ್‌ಗಳಿಂದ (ಕಂಪ್ಯೂಟರಿನ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್‌ಗಳಿಂದ) ಹಿಡಿದು, ಬಂದ ಆಡಿಯೋವನ್ನು, ಬೆರೆತ ಸಂಕೇತಗಳನ್ನು ಬಿಡಿಸುವ ಫಾಸ್ಟ್‌ಐಸಿಎ ಅಲ್ಗಾರಿದಮ್‌ಗೆ ಕೊಟ್ಟರೂ ಮಾತು ಬೇರ್ಪಡಲಿಲ್ಲವೆಂದು ಬರೆದಿದ್ದೀರಿ. ಅಲ್ಗಾರಿದಮ್‌ನಲ್ಲಿ ದೋಷವಿಲ್ಲ, ಅದನ್ನು ಕೂರಿಸಿದ ಜಾಗ ತಪ್ಪಾಗಿದೆ.

ಎರಡು ಸಂಕೇತಗಳು ಪರಸ್ಪರ ಸ್ವತಂತ್ರವಾಗಿದ್ದು, ಪ್ರತಿ ಆಂಟೆನಾದಲ್ಲಿ ಯಾವುದೋ ಸ್ಥಿರ ಪ್ರಮಾಣದಲ್ಲಿ ಸರಳವಾಗಿ ಕೂಡಿಕೊಂಡಿವೆ ಎಂದು ಆ ವಿಧಾನ ನಂಬುತ್ತದೆ. ಪ್ರಮಾಣವೆಷ್ಟೆಂದು ನಮಗೆ ತಿಳಿದಿರಬೇಕಾಗಿಲ್ಲ. ರೇಡಿಯೋ ಸಂಕೇತದಿಂದ ಮಾತನ್ನು ಹೊರತೆಗೆಯುವ ಎಫ್.ಎಂ. ಡಿಮಾಡ್ಯುಲೇಟರ್ ಈ ಸಂಕಲನವನ್ನೇ ಕೆಡಿಸುತ್ತದೆ, ಏಕೆಂದರೆ ಅಲ್ಲಿ ಬಲವಾದ ಸ್ಟೇಷನ್ ದುರ್ಬಲವಾದುದನ್ನು ನುಂಗಿಬಿಡುತ್ತದೆ. ಆದ್ದರಿಂದ ಐಕ್ಯೂ ಸ್ಯಾಂಪಲ್‌ಗಳ (ಡಿಮಾಡ್ಯುಲೇಷನ್‌ಗೆ ಮೊದಲು ಡಾಂಗಲ್ ಕೊಡುವ ಕಚ್ಚಾ ಅಂಕಿಗಳ) ಮೇಲೆಯೇ ಕೆಲಸ ಮಾಡಿ.

ಅಷ್ಟರಿಂದಲೂ ಸಾಲದು. ಪ್ರತಿ ಡಾಂಗಲ್‌ನಲ್ಲಿ 28.8 ಮೆಗಾಹರ್ಟ್ಸ್‌ನ ಕ್ಲಾಕ್ ಕೊಡುವ ಸ್ವಂತ ಕ್ರಿಸ್ಟಲ್ ಇರುತ್ತದೆ. ಎರಡರ ನಡುವೆ ಹತ್ತು ಲಕ್ಷಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೂ 145 ಮೆಗಾಹರ್ಟ್ಸ್‌ನಲ್ಲಿ ಅದು 145 ಹರ್ಟ್ಸ್ ಆಗುತ್ತದೆ. ಅಂದರೆ ಸ್ಥಿರವಾಗಿರಬೇಕಾದ ಮಿಶ್ರಣದ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ಸೆಕೆಂಡಿಗೆ 145 ಸುತ್ತು ತಿರುಗುತ್ತದೆ. ಒಂದರ ಕ್ರಿಸ್ಟಲ್ ತೆಗೆದು ಇನ್ನೊಂದರ ಕ್ಲಾಕನ್ನೇ ಎರಡಕ್ಕೂ ಕೊಡಿ. (ಬೆಸುಗೆ ಬಿಡಿಸುವಾಗ ತಾಳ್ಮೆಯಿರಲಿ, ನಾನು ಮೊದಲ ಸಲ ಪ್ಯಾಡನ್ನೇ ಕಿತ್ತುಕೊಂಡಿದ್ದೆ.) ಯುಎಸ್‌ಬಿಯಲ್ಲಿ ಎರಡೂ ಒಟ್ಟಿಗೆ ಆರಂಭವಾಗದ ಕಾರಣ ಕ್ರಾಸ್ ಕೋರಿಲೇಷನ್ (ಒಂದನ್ನು ಎಷ್ಟು ಸರಿಸಿದರೆ ಇನ್ನೊಂದಕ್ಕೆ ಅತಿ ಹೆಚ್ಚು ಹೋಲುತ್ತದೆಂಬ ಲೆಕ್ಕ) ನೋಡಿ ಸ್ಯಾಂಪಲ್‌ಗಳನ್ನು ಹೊಂದಿಸಬೇಕು. ಉಳಿಯುವ ಸ್ಥಿರ ಫೇಸ್ ವ್ಯತ್ಯಾಸದ ಚಿಂತೆ ಬೇಡ, ಅದು ನಮಗೆ ತಿಳಿಯದ ಆ ಪ್ರಮಾಣದಲ್ಲಿಯೇ ಸೇರಿಹೋಗುತ್ತದೆ.

ಆಂಟೆನಾಗಳನ್ನು ಅರ್ಧ ತರಂಗಾಂತರ, ಅಂದರೆ ಸುಮಾರು 1 ಮೀಟರ್ ದೂರದಲ್ಲಿಡಿ. ಆ ದೂರದ ವಿಳಂಬ 3 ನ್ಯಾನೋಸೆಕೆಂಡಿಗೆ ತುಸು ಹೆಚ್ಚಷ್ಟೇ, 12.5 ಕಿಲೋಹರ್ಟ್ಸ್ ಚಾನೆಲ್‌ಗೆ ಅದು ಲೆಕ್ಕಕ್ಕಿಲ್ಲ. ಬಳಿಕ ಎರಡು ಡಾಂಗಲ್‌ಗಳ ಕೋವೇರಿಯನ್ಸ್ (ಎರಡೂ ಒಟ್ಟಿಗೆ ಎಷ್ಟು ಏರಿಳಿಯುತ್ತವೆಂಬ ಲೆಕ್ಕ) ತೆಗೆದು ಸ್ಯಾಂಪಲ್‌ಗಳನ್ನು ವೈಟನಿಂಗ್ ಮಾಡಿದರೆ (ಅಂದರೆ ಎರಡರ ಬಲವನ್ನು ಸಮ ಮಾಡಿ ಪರಸ್ಪರ ಸಂಬಂಧವನ್ನು ಅಳಿಸಿದರೆ) ಉಳಿಯುವುದು ಅವನ್ನು ಎಷ್ಟು ತಿರುಗಿಸಬೇಕೆಂದು ಕಂಡುಹಿಡಿಯುವ ಕೆಲಸ. ಇಲ್ಲಿ ನಾನು ಫಾಸ್ಟ್‌ಐಸಿಎಗಿಂತ ಸಿಎಂಎ (ಕಾನ್‌ಸ್ಟಂಟ್ ಮಾಡ್ಯುಲಸ್ ಅಲ್ಗಾರಿದಮ್) ವಿಧಾನವನ್ನೇ ಮೆಚ್ಚುತ್ತೇನೆ: ಎಫ್.ಎಂ. ಸಂಕೇತದ ಪರಿಮಾಣ ಬದಲಾಗುವುದಿಲ್ಲ, ಎರಡು ಬೆರೆತಾಗ ಮಾತ್ರ ಏರಿಳಿಯುತ್ತದೆ. ಆ ಏರಿಳಿತ ಅತಿ ಕಡಿಮೆಯಾಗುವ ತೂಕಗಳನ್ನು (ಕೂಡಿಸುವ ಮೊದಲು ಪ್ರತಿ ಡಾಂಗಲ್‌ನ ಸಂಕೇತವನ್ನು ಗುಣಿಸುವ ಅಂಕಿಗಳನ್ನು) ಹುಡುಕಿದರೆ ಒಂದು ಸ್ಟೇಷನ್ ಸಿಗುತ್ತದೆ, ಅದಕ್ಕೆ ಲಂಬವಾದ ತೂಕಗಳಿಂದ ಇನ್ನೊಂದು. ಯಾವ ಔಟ್‌ಪುಟ್ ಯಾರದೆಂದು ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಕೇಳಿಯೇ ತಿಳಿಯಬೇಕು.

ಎರಡೂ ಒಂದೇ ದಿಕ್ಕಿನಿಂದ ಬರುತ್ತಿದ್ದರೆ ಆಂಟೆನಾಗಳಿಗೆ ವ್ಯತ್ಯಾಸವೇ ಕಾಣದು. ಆಗ ಒಂದನ್ನು ಅಡ್ಡಲಾಗಿ ಮಲಗಿಸಿ ನೋಡಿ. ಮೂರನೆಯ ಸ್ಟೇಷನ್ ಬಂದರೆ ಮೂರನೆಯ ಆಂಟೆನಾ ಮತ್ತು ಅದೇ ಕ್ಲಾಕ್‌ನ ಮೂರನೆಯ ಡಾಂಗಲ್ ಬೇಕಾಗುತ್ತದೆ.