ಮನಸ್ಸು ಗಟ್ಟಿ ಇಲ್ವಾ ಅಂತ ಕೇಳಿದ ಸಿಸ್ಟರ್‌ಗೆ

ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯು ಸ್ಟಾಫ್ ನರ್ಸ್ ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ. ಕೋವಿಡ್ ಎರಡನೇ ಅಲೆ ಟೈಮಲ್ಲಿ ಒಬ್ರು ಅಜ್ಜಿಗೆ ಮಗನ ವಿಡಿಯೋ ಕಾಲ್ ಹಾಕ್ಕೊಡೋಕೆ ಹೋದ್ರೆ ಎರಡೆರಡು ಗ್ಲೌಸ್ ಹಾಕಿದ್ದ ಕೈಗೆ ಸ್ಕ್ರೀನ್ ಟಚ್ಚೇ ಆಗ್ಲಿಲ್ಲ, ಅಷ್ಟರಲ್ಲಿ ಪಕ್ಕದ ಬೆಡ್ ಮಾನಿಟರ್ ಹೊಡ್ಕೊಳ್ತು, ಅಲ್ಲಿಗೆ ಓಡಿದ್ರು, ಬೆಳಗಾಗೋದ್ರೊಳಗೆ ಅಜ್ಜಿ ಹೋಗ್ಬಿಟ್ಟಿದ್ರು. ಈಗ್ಲೂ ಮನೇಲಿ ವಾಷಿಂಗ್ ಮೆಷಿನ್ ಬೀಪ್ ಅಂದ್ರೆ ಕೈ ಬೆವರತ್ತಂತೆ. ‘ನನ್ ಮನಸ್ಸು ಗಟ್ಟಿ ಇಲ್ವಾ, ಕೆಲಸ ಬಿಟ್ಬಿಡ್ಲಾ, ಕೌನ್ಸೆಲಿಂಗಿಗೆ ಹೋದ್ರೆ ಎಚ್‌ಆರ್‌ಗೆ ಗೊತ್ತಾಗತ್ತಾ’ ಅಂತ ಕೇಳಿದಾರೆ.

ಸಿಸ್ಟರ್, ಮನಸ್ಸು ಗಟ್ಟಿ ಇಲ್ದೋರು ಪಿಪಿಇ ಕಿಟ್ ಒಳಗೆ ಗಂಟೆಗಟ್ಲೆ ನೀರು ಕುಡೀದೆ, ಟಾಯ್ಲೆಟ್ಟಿಗೂ ಹೋಗ್ದೆ ನಿಲ್ಲೋಕಾಗತ್ತಾ? 2021ರ ಮೇ ಮೊದಲ ವಾರ ನೆನಪು ಮಾಡ್ಕೊಳ್ಳಿ, ರಾಜ್ಯದಲ್ಲಿ ಒಂದೇ ದಿನಕ್ಕೆ ಹೊಸ ಕೇಸು 50 ಸಾವಿರ ದಾಟಿತ್ತು, ಅದ್ರಲ್ಲಿ ಹತ್ರತ್ರ ಅರ್ಧ ಬೆಂಗಳೂರಿಂದೇ, ಬೆಡ್ಡಿಗೋಸ್ಕರ ವಾರ್ ರೂಮಿಗೆ ಫೋನ್ ಮಾಡಿ ಮಾಡಿ ಜನ ಸುಸ್ತಾಗಿದ್ರು, ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು ನಿಂತಿತ್ತು. ಒಬ್ಬ ನರ್ಸಿಗೆ ಎಷ್ಟು ಬೆಡ್ ಅಂತ ಲೆಕ್ಕ ತಪ್ಪಿದ ಹೊತ್ತಲ್ಲಿ ಯಾವ ಬೆಡ್ ಹತ್ರ ಮೊದ್ಲು ಓಡ್ಬೇಕು ಅನ್ನೋ ತೀರ್ಮಾನ ನಿಮ್ಮ ತಲೆ ಮೇಲೆ ಬಿತ್ತು. ನೀವು ಓಡಿದ್ದು ಸರಿ. ಇನ್ನೊಂದ್ ಜೊತೆ ಕೈ ಇರ್ಲಿಲ್ಲ ಅಷ್ಟೇ, ಅದನ್ನ ಒದಗಿಸ್ಬೇಕಾಗಿದ್ದು ನೀವಲ್ಲ.

ಇದಕ್ಕೆ ಮನೋವೈದ್ಯರು ಮಾರಲ್ ಇಂಜುರಿ ಅಂತಾರೆ. ಮೊದ್ಲು ಯುದ್ಧದಿಂದ ವಾಪಸ್ ಬಂದ ಸೈನಿಕರ ಬಗ್ಗೆ ಹೇಳ್ತಿದ್ದ ಮಾತು, ಸರಿ ಅಂತ ಗೊತ್ತಿರೋದನ್ನ ಮಾಡೋಕೆ ಪರಿಸ್ಥಿತಿ ಬಿಡ್ಲಿಲ್ಲ ಅಂದಾಗ ಒಳಗೆ ಉಳ್ಕೊಳ್ಳೋ ಗಾಯ. ರೋಗಿ ಬಗ್ಗೆ ಕಾಳಜಿ ಇಲ್ದೋರಿಗೆ ಇದು ಬರಲ್ಲ. ಇನ್ನು ಬೀಪ್ ಸದ್ದಿಗೆ ಕೈ ಬೆವರೋದು, ನಿದ್ದೆ ಕೆಡೋದು ತಿಂಗಳಾದ್ರೂ ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸ್ಲೇಬೇಕು, ನಿಮಗೆ ವರ್ಷಗಳೇ ಆಗಿದೆ. ಟ್ರೀಟ್‌ಮೆಂಟ್ ಇದೆ, ಕಮ್ಮಿ ಆಗತ್ತೆ.

ನಿಮ್ಮ ಆಸ್ಪತ್ರೆಯವರು ಪಾಸಿಟಿವ್ ಥಿಂಕಿಂಗ್ ಬಗ್ಗೆ ಒಂದು ಆನ್‌ಲೈನ್ ಕ್ಲಾಸ್ ಮಾಡ್ಸಿ ಕೈ ತೊಳ್ಕೊಂಡ್ರು ಅಂತ ಬರೆದಿದೀರಲ್ಲ, ಅದನ್ನ ಓದಿ ನಂಗೆ ನಿಜಕ್ಕೂ ಸಿಟ್ಟು ಬಂತು. ಬರ್ನ್‌ಔಟ್, ಅಂದ್ರೆ ಕೆಲಸ ಮಾಡಿ ಮಾಡಿ ಮನಸ್ಸು ಪೂರ್ತಿ ಸೋತುಹೋಗೋದು, ಕೆಲಸದ ಜಾಗದ ಒತ್ತಡ ಸರಿಯಾಗಿ ನಿಭಾಯಿಸ್ದೇ ಇದ್ರೆ ಬರೋದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಅಂದ್ಮೇಲೆ ರೋಸ್ಟರ್ ಸರಿ ಮಾಡ್ದೆ, ನೈಟ್ ಡ್ಯೂಟಿ ಆದ್ಮೇಲೆ ಆಫ್ ಕೊಡ್ದೆ, ಉಸಿರಾಟದ ಎಕ್ಸರ್ಸೈಜ್ ಮಾಡಿ ಅಂದ್ರೆ ಏನು ಪ್ರಯೋಜನ? ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿ ಮೇಲೆ ದಾಳಿ ಆಗಿದ್ದು 2020ರ ಏಪ್ರಿಲ್‌ನಲ್ಲಿ, ಅದೇ ತಿಂಗಳು ಅಂಥ ಹಲ್ಲೆ ಜಾಮೀನಿಲ್ಲದ ಅಪರಾಧ ಅಂತ ಕೇಂದ್ರ ಸುಗ್ರೀವಾಜ್ಞೆ ತಂತು. ಮೈಗೆ ಬಿದ್ದ ಏಟಿಗೆ ಅಷ್ಟು ಬೇಗ ಕಾನೂನು ಬಂತು, ಮನಸ್ಸಿಗೆ ಬಿದ್ದಿದ್ದನ್ನ ಮಾತ್ರ ನೀವೇ ಹೊತ್ಕೊಂಡು ಓಡಾಡ್ತಿದೀರಿ.

ಎಚ್‌ಆರ್ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸೆಕ್ಷನ್ 23ರಲ್ಲಿ ಗೋಪ್ಯತೆ ನಿಮ್ಮ ಹಕ್ಕು, ಟ್ರೀಟ್‌ಮೆಂಟ್ ಕೊಡೋರು ನಿಮ್ಮ ವಿಷಯ ಆಸ್ಪತ್ರೆ ಮ್ಯಾನೇಜ್‌ಮೆಂಟಿಗೆ ಹೇಳೋ ಹಾಗಿಲ್ಲ. ಅದೇ ಆಸ್ಪತ್ರೇಲಿ ತೋರಿಸ್ಕೊಳ್ಳೋಕೆ ಮುಜುಗರ ಆದ್ರೆ ಹೊಸೂರು ರಸ್ತೆ ನಿಮ್ಹಾನ್ಸ್ ಒಪಿಡಿ ಇದೆ. ಅಷ್ಟು ದೂರ ಬೇಡ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು.

ಕೆಲಸ ಬಿಡೋದು ನಿಮ್ಮಿಷ್ಟ, ಬಿಟ್ರೂ ತಪ್ಪೇನಿಲ್ಲ, ಆದ್ರೆ ಸರಿಯಾಗಿ ನಿದ್ದೆ ಬರೋವರೆಗೂ ಆ ತೀರ್ಮಾನ ತಗೋಬೇಡಿ. ಐಸಿಯು ಬಿಟ್ಟು ಸ್ವಲ್ಪ ದಿನ ಒಪಿಡಿಗೆ ಹಾಕಿ ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಬರವಣಿಗೇಲಿ ಕೇಳಿ, ಬಾಯಲ್ಲಿ ಕೇಳಿದ್ದು ಮರ್ತೋಗತ್ತೆ. ಮತ್ತೆ ನಿಮ್ಮ ಜೂನಿಯರ್ ಹುಡುಗಿನೂ ಡ್ಯೂಟಿ ರೂಮಲ್ಲಿ ಅಳ್ತಾಳೆ ಅಂದ್ರಲ್ಲ, 14416 ಅವಳ ಫೋನಲ್ಲೂ ಸೇವ್ ಮಾಡ್ಸಿ, ನೈಟ್ ಶಿಫ್ಟ್ ಮಧ್ಯದಲ್ಲಿ ಮಾಡಿದ್ರೂ ಎತ್ತುತಾರೆ.